ಸಿಕ್ಕಾ ಕೇಳುತ್ತಿದ್ದ ಭೀಮಶಾ

ಭೀಮಶಾ ಯಾರಿಗೆ ಯಾವ ಕಾಗದ ಕೊಟ್ಟರೂ ಎರಡನೆಯ ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಳ್ಳದೆ ಕದಲುತ್ತಿರಲಿಲ್ಲ. ಮಗಳು ಸುಜಾತಾಳ ಲಗ್ನಪತ್ರಿಕೆ ಕೊಡಲು ನಾನು ಮುಖ್ಯೋಪಾಧ್ಯಾಯನಾಗಿದ್ದ ವಾಡಿಯ ಶಾಲೆಗೆ ಬಂದಾಗಲೂ ಎರಡು ಪತ್ರಿಕೆ ತಂದಿದ್ದರು.

"ಒಂದು ನಿಮಗ. ಇನ್ನೊಂದ್ರ ಮ್ಯಾಲ ಸಿಕ್ಕಾ ಹಾಕ್ರಿ ಸರ. ನಾಳೆ ನನಗ ಕರದೇ ಇಲ್ಲ ಅಂದ್ರ?"

ಶಾಲೆಯ ಮೊಹರನ್ನು ಲಗ್ನಪತ್ರಿಕೆಗೆ ಒತ್ತುವಂತಿಲ್ಲ. ಸಹಿ ಹಾಕಿ ದಿನಾಂಕ ಬರೆದುಕೊಟ್ಟೆ. ಅವರು ನಗಲಿಲ್ಲ. ಪತ್ರಿಕೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೈಚೀಲಕ್ಕೆ ಇಳಿಸಿದರು.

ಶಹಾಬಾದ್ ಕಡೆಯ ಕಲ್ಲಿನ ಖಣಿಗಳಲ್ಲಿ ಮೂವತ್ತು ವರ್ಷ ಹಾಸುಗಲ್ಲು ಎಬ್ಬಿಸಿದವರು ಅವರು. ಬಲಗೈಯ ಎರಡು ಬೆರಳಿಗೆ ಉಗುರಿರಲಿಲ್ಲ. ಓದಿದ್ದು ಏಳನೆಯ ಇಯತ್ತೆ. ಅವರ ಓಣಿಯಿಂದ ಸ್ಮಶಾನಕ್ಕೆ ಹೋಗುವ ದಾರಿಯ ಮೇಲೆ ಒಂದು ಖಣಿಯವರು ಒಡೆದ ಕಲ್ಲು ಸುರಿದು ಗುಡ್ಡ ಮಾಡಿದ್ದರು. ಹೆಣ ಹೊತ್ತವರು ನಾಲೆ ದಾಟಿ ಎರಡು ಮೈಲು ಸುತ್ತಬೇಕಾಗಿತ್ತು. ಭೀಮಶಾರ ತಾಯಿಯ ಹೆಣವೂ ಹಾಗೆಯೇ, ಮೊಣಕಾಲು ನೀರಿನಲ್ಲಿ ಹೋಗಿತ್ತು. ದಾರಿ ಬಿಡಿಸಬೇಕಾದರೆ ಪಂಚಾಯ್ತಿ ಸಭೆಯ ನಿರ್ಣಯ, ಠರಾವು ಬೇಕು ಎಂದು ಕಚೇರಿಯವರು ಹೇಳಿದರು. ಠರಾವು ಮಾಡಿಸಲೆಂದೇ ಅವರು ಚುನಾವಣೆಗೆ ನಿಂತರು. ಎರಡು ಸಲ ಸೋತರು. ಮೂರನೆಯ ಸಲ ಅವರ ಊರಿಗೆ ಚುನಾವಣಾ ಅಧಿಕಾರಿಯಾಗಿ ಹೋದವನು ನಾನು.

ನನ್ನ ಗಡಿಯಾರದ ವಿಷಯ ಹೇಳಲೇಬೇಕು. ಹಾಸ್ಟೆಲಿನಲ್ಲಿದ್ದ ದಿನಗಳಿಂದ ಅದನ್ನು ಐದು ನಿಮಿಷ ಮುಂದಿಟ್ಟೇ ನನಗೆ ರೂಢಿ. ಶಾಲೆಯ ಗಂಟೆ ಬಾರಿಸುತ್ತಿದ್ದುದು, ಗೇಟು ಮುಚ್ಚುತ್ತಿದ್ದುದು ಅದರ ಪ್ರಕಾರವೇ. ತಡವಾಗಿ ಬಂದು ಗೇಟಿನ ಹೊರಗೆ ನಿಂತವರಲ್ಲಿ ಸುಜಾತಾಳೂ ಒಬ್ಬಳು.

ನಾಮಪತ್ರ ಕೊಡಲು ಕಡೆಯ ದಿನ, ಮಧ್ಯಾಹ್ನ ಮೂರರವರೆಗೆ ಅವಕಾಶ. ಪಂಚಾಯ್ತಿಯ ಗೋಡೆ ಗಡಿಯಾರ ನಿಂತುಹೋಗಿತ್ತು. ನನ್ನ ಕೈಗಡಿಯಾರದಲ್ಲಿ ಮೂರಾಯಿತು, ಬಾಗಿಲು ಹಾಕಿಸಿದೆ. ಅದರಿಂದ ಐದು ನಿಮಿಷ ಕಳೆಯಬೇಕೆಂದು ಹೊಳೆಯಲೇ ಇಲ್ಲ. ಆಗ ಭೀಮಶಾ ಏದುಸಿರು ಬಿಡುತ್ತ ಬಂದರು.

"ಬಸ್ಸು ಕ್ರಾಸಿನ್ಯಾಗೇ ಇಳಿಸಿಬಿಡ್ತು ಸರ, ಓಡಿ ಬಂದೀನಿ. ಮೂರು ಇನ್ನಾ ಆಗಿಲ್ರಿ."

"ಆಗಿ ಎರಡು ನಿಮಿಷ ಆಯ್ತು. ನಿಯಮ ಅಂದ್ರ ನಿಯಮ."

ಅವರು ಕೂಗಾಡಲಿಲ್ಲ. "ತಗೊಳ್ಳಂಗಿಲ್ಲ ಅಂತ ಬರದು, ಟೈಮ್ ಹಾಕಿ, ಸಿಕ್ಕಾ ಹಾಕ್ರಿ" ಎಂದರು. ಬರೆದುಕೊಟ್ಟೆ.

ಕಣದಲ್ಲಿ ಉಳಿದವನು ಖಣಿ ಮಾಲೀಕನ ಭಾವಮೈದುನ ಒಬ್ಬನೇ, ಅವಿರೋಧವಾಗಿ ಆರಿಸಿಬಂದ. ಭೀಮಶಾ ವಕೀಲರಿಲ್ಲದೆ, ತಾವೇ ಚಿತ್ತಾಪುರದ ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಿದರು. ಸಾಕ್ಷಿಯ ದಿನ ಗೆದ್ದವನ ವಕೀಲ ಪಡಸಾಲೆಯಲ್ಲಿ ನನ್ನ ಭುಜ ಮುಟ್ಟಿದ. "ನೆನಪಿಲ್ಲ ಅನ್ರಿ ಸರ, ಮುಗೀತು. ರಿಟೈರ್ ಆಗಲಿಕ್ಕೆ ಆರು ತಿಂಗಳದಾವ. ನಿಮಗ್ಯಾಕ ಬೇಕು?"

ಭೀಮಶಾ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ನಮ್ಮ ಸುಜಾತಾ ಸಾಲಿಗಿ ಬರೋ ಮುಂದ ನಿಮ್ಮ ಗಡಿಯಾರ ಐದು ನಿಮಿಷ ಮುಂದ ಇರ್ತಿತ್ತು ಸರ. ಅವತ್ತೂ ಇತ್ತೇನ್ರಿ?"

ನನ್ನ ಕೈ ಕಟಕಟೆಯ ಮೇಲಿತ್ತು. ನ್ಯಾಯಾಧೀಶರು ಗೋಡೆಯ ಗಡಿಯಾರ ನೋಡಿ ನನ್ನ ಮಣಿಕಟ್ಟಿನ ಕಡೆ ನೋಡಿದರು.

"ಇತ್ತು" ಎಂದೆ.

ಆಯ್ಕೆ ರದ್ದಾಯಿತು. ನನಗೆ ಇಲಾಖೆಯಿಂದ ನೋಟಿಸು ಬಂತು. ಮರುಚುನಾವಣೆಯಲ್ಲಿ ಭೀಮಶಾ ನಿಂತರು, ಸೋತರು. ಮರುದಿನ ನಮ್ಮ ಮನೆಗೆ ಬಂದರು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ.

"ಈ ಸಲ ಮಂದಿ ಸೋಲಿಸ್ಯಾರ ಸರ. ಅದಕ್ಕ ನಂದೇನು ತಕರಾರಿಲ್ಲ" ಎಂದು ಕುಳಿತು ಚೀಲ ಬಿಚ್ಚಿದರು. "ದಾರಿ ಸಲುವಾಗಿ ಕೋರ್ಟಿಗಿ ಅರ್ಜಿ ಹಾಕ್ಲಿಕತ್ತೀನಿ. ಇದರಾಗ ತಪ್ಪು ತಿದ್ದಿ ಕೊಡ್ರಿ." ಎದ್ದು ಹೋಗುವಾಗ ನನ್ನ ಗಡಿಯಾರವನ್ನೂ ಗೋಡೆಯದನ್ನೂ ಹೋಲಿಸಿ ನೋಡಿದರು. "ಸರಿ ಮಾಡೀರಿ. ಸಾಲಿ ಹುಡುಗರು ಭಾಳ ಖುಷಿ ಆಗ್ಯಾರೇನ್ರಿ?"

ನಾನು ನಿವೃತ್ತನಾದ ಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಗದ ತಿದ್ದಿಸಲು ಮನೆಗೆ ಬರುತ್ತಿದ್ದರು. ತಡ ಮಾಡಿದ್ದು ನೆನಪಿಲ್ಲ. ನಾಲ್ಕು ವರ್ಷಕ್ಕೆ ದಾರಿ ತೆರವು ಮಾಡಬೇಕೆಂದು ಆದೇಶವಾಯಿತು. ಆದೇಶದ ಮೇಲೆ ದುಂಡನೆಯ ಮೊಹರಿತ್ತು. ಕಲ್ಲಿನ ಗುಡ್ಡ ಮಾತ್ರ ಇದ್ದಲ್ಲೇ ಇತ್ತು.

ಒಂದು ಸೋಮವಾರ ಹತ್ತಾಯಿತು, ಹತ್ತೂಕಾಲಾಯಿತು, ಅವರು ಬರಲಿಲ್ಲ. ಸುಜಾತಾಳ ಫೋನು ಬಂತು. ನಸುಕಿನಲ್ಲಿ ಎದೆನೋವು ಬಂದು ತೀರಿಕೊಂಡಿದ್ದರು.

ನಾನು ಹೋಗುವಷ್ಟರಲ್ಲಿ ಹೆಣ ಓಣಿ ದಾಟಿತ್ತು. ಹೊತ್ತವರು ನಾಲೆಯ ಕಡೆ ತಿರುಗಲಿದ್ದರು. ಸುಜಾತಾ ತಡೆದು, ಕಲ್ಲಿನ ಗುಡ್ಡದ ಮುಂದೆ ಚಟ್ಟ ಇಳಿಸಲು ಹೇಳಿದಳು. ಅಲ್ಲಿ ಕಂದಾಯ ಇಲಾಖೆಯ ಗ್ರಾಮಲೆಕ್ಕಿಗ, ತಲಾಟಿ ನಿಂತಿದ್ದ, ಅವಳೇ ಕರೆಸಿದ್ದಳು.

"ನಾಳೆ ಜೆಸಿಬಿ ತರಿಸ್ತೀನಮ್ಮ. ಇವತ್ತೊಂದಿನ ಆ ಕಡಿಂದ ಒಯ್ರಿ" ಎಂದ ಅವನು.

"ನಾಳೆ ತನಕಾ ನಮ್ಮಪ್ಪ ಇಲ್ಲೇ ಮಲಗಬೇಕೇನ್ರಿ?" ಅವಳು ಅಪ್ಪನ ಚೀಲದಿಂದ ಆದೇಶವನ್ನೂ ಒಂದು ಬಿಳಿ ಹಾಳೆಯನ್ನೂ ತೆಗೆದಳು. "ದಾರಿ ಬಂದ್ ಅದ ಅಂತ ಬರೀರಿ. ಟೈಮ್ ಹಾಕ್ರಿ. ಸಿಕ್ಕಾ ಹಾಕ್ರಿ."

ಹೊತ್ತವರು ಬೆವರು ಒರೆಸಿಕೊಳ್ಳುತ್ತಿದ್ದರು. ತಲಾಟಿ ಪೆನ್ನು ತೆಗೆದು, ತಲೆ ತಗ್ಗಿಸಿ ಎರಡು ಸಾಲು ಬರೆದ. ಆಮೇಲೆ ನನ್ನ ಕಡೆ ತಿರುಗಿ, "ಟೈಮ್ ಎಷ್ಟಾತ್ರಿ ಸರ?" ಎಂದ.

ಸುಜಾತಾಳೂ ನನ್ನತ್ತ ನೋಡಿದಳು. ನಾನು ಕೈ ಎತ್ತಿ ಗಡಿಯಾರ ನೋಡಿದೆ.

"ಹನ್ನೆರಡು ಗಂಟಿ ಹತ್ತು ನಿಮಿಷ" ಎಂದೆ. "ಬರಕೊಳ್ರಿ."