ಎಲ್ಲರ ಅಮ್ಮಂದಿರ ದನಿ

ರುದ್ರಮ್ಮ ಟೀಚರಿಗೆ ನಮ್ಮ ಬೀದಿಯ ಎಲ್ಲ ಅಮ್ಮಂದಿರ ದನಿಯೂ ಬರುತ್ತಿತ್ತು. ಅಜ್ಜಂಪುರದ ಬಾಲವಾಡಿಯಲ್ಲಿ ಬಾಗಿಲ ಮರೆಗೆ ನಿಂತು, ಥೇಟ್ ನನ್ನ ಅಮ್ಮನ ಹಾಗೆ ಹೆಸರಿನ ಕೊನೆಯನ್ನು ಎಳೆದು, "ವಿಮಲಾ, ಬಾರೇ" ಎಂದು ಕರೆಯುತ್ತಿದ್ದರು. ಓಡಿಹೋದರೆ ಅಲ್ಲಿರುತ್ತಿದ್ದುದು ನಗು ಕಾಣದ ಮುಖದ, ತೆಳ್ಳನೆಯ ಟೀಚರ್. "ದನಿ ಕೇಳಿ ಬಂದ್ಬಿಟ್ಯಲ್ಲೇ, ಯಾರು ಅಂತ ನೋಡಿದ್ಯಾ?" ಎಂದು ವಾಪಸ್ಸು ಕೂರಿಸುತ್ತಿದ್ದರು. ನಮಗದು ಆಟ. ಅವರಿಗೆ ಅಲ್ಲ ಎಂಬುದು ಆಗಲೂ ಸ್ವಲ್ಪ ಗೊತ್ತಾಗುತ್ತಿತ್ತು.

ಅವರ ಪಾಠವೇ ಬೇರೆ. ನಾಲ್ಕೈದು ವರ್ಷದ ನಮ್ಮ ಕೈಗೆ ಚಾಕು ಕೊಟ್ಟು ಹುರುಳೀಕಾಯಿ ಹೆಚ್ಚಿಸುತ್ತಿದ್ದರು. ಸ್ಟೋವ್ ಹಚ್ಚುವುದಕ್ಕಿಂತ ಮೊದಲು ಆರಿಸುವುದನ್ನು ಕಲಿಸಿದರು. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಕೈ ತಪ್ಪಿದರೆ ಅಲೆಯಬಾರದು, ಇದ್ದಲ್ಲೇ ನಿಂತು ಅಪ್ಪನ ಹೆಸರು, ಊರ ಹೆಸರು ಹೇಳಬೇಕು. ಕಾಣದವರು ಕರೆದರೆ, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಮಾತು ಕೇಳಬೇಕು. ಒಮ್ಮೆ ನನ್ನ ಬೆರಳು ಕೊಯ್ದುಕೊಂಡಾಗ ಅಮ್ಮ ಜಗಳಕ್ಕೇ ಹೋದಳು. ಟೀಚರ್ ಎಲ್ಲ ಕೇಳಿಸಿಕೊಂಡು, "ಬೆರಳು ವಾಸಿಯಾಗುತ್ತೆ ಕಣಮ್ಮಾ. ನೀವಿಲ್ದಿರೋ ಹೊತ್ನಲ್ಲಿ ಇವಳ ಜೊತೆಗಿರೋದು ಇವಳ ಕೈ ಒಂದೇ" ಎಂದರಂತೆ.

ನನಗೆ ಎಂಟು ವರ್ಷವಾಗಿದ್ದಾಗ, ಮೂರು ವರ್ಷದ ತಂಗಿ ಗೀತಾಳನ್ನು ನನಗೆ ಒಪ್ಪಿಸಿ, ಒಳಗಿನಿಂದ ಚಿಲಕ ಹಾಕಿಕೊಳ್ಳಲು ಹೇಳಿ, ಅಮ್ಮ ಕಡೂರಿಗೆ ಹೋದಳು. ಮಟಮಟ ಮಧ್ಯಾಹ್ನ ಹಿತ್ತಿಲ ಬಾಗಿಲಾಚೆಯಿಂದ ಅಮ್ಮನ ದನಿ ಬಂತು.

"ವಿಮಲಾ, ಬಾಗ್ಲು ತೆಗಿಯೇ. ಕೈಲಿ ಸಾಮಾನಿದೆ."

ಗೀತಾ ಬಾಗಿಲಿಗೆ ಓಡಿದಳು. ಅವಳ ಲಂಗ ಹಿಡಿದೆಳೆದು, ಅಡುಗೆಮನೆಯ ಕಿಟಕಿಯಿಂದ ಇಣುಕಿದೆ. ಒಣಹಾಕಿದ್ದ ಬಟ್ಟೆಗಳು, ಬಚ್ಚಲ ನೀರಿನ ಬಾಳೆಗಿಡ. ಬಾಗಿಲ ಮುಂದೆ ಯಾರೂ ಇರಲಿಲ್ಲ. ಗೀತಾಳ ಮಚ್ಚೆ ಎಲ್ಲಿದೆ ಹೇಳು ಎಂದೆ. ತುಸು ಹೊತ್ತಿನ ಮೇಲೆ, ಬಾಗಿಲಿಗೇ ಬಾಯಿ ಇಟ್ಟಂತೆ, ಮೆಲ್ಲಗೆ, "ಗೀತಾ" ಎಂದಿತು ಆ ದನಿ. ಅಷ್ಟೇ. ಅಮ್ಮನ ಹಳೆ ಸೀರೆಯಿಂದ ತಂಗಿಯನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡು ನಡುಮನೆಯಲ್ಲಿ ಕೂತೆ. ಸಂಜೆಯ ಬಸ್ಸಿಗೆ ಬಂದ ಅಮ್ಮನಿಗೂ ಅದೇ ಪ್ರಶ್ನೆ ಹಾಕಿದೆ. ಅವಳು ಬೀದಿಯ ಕಿಟಕಿಯಲ್ಲಿ ಮುಖ ತೋರಿಸಿ, ಎಡಮಂಡಿಯ ಹಿಂದೆ ಎಂದು ನಗುತ್ತಾ ಹೇಳಿದ ಮೇಲೆಯೇ ಚಿಲಕ ತೆಗೆದದ್ದು.

ಇದು ಟೀಚರ್ ಮಾಡಿದ ಪರೀಕ್ಷೆ ಎಂದೇ ನನಗೆ ಸಿಟ್ಟು. ಮಾರನೆಯ ದಿನ ಅವರನ್ನು ಹುಡುಕಿಕೊಂಡು ಹೋದರೆ, ಆಗತಾನೇ ತರೀಕೆರೆ ಬಸ್ಸಿನಿಂದ ಚೀಲ ಹಿಡಿದು ಇಳಿಯುತ್ತಿದ್ದರು. ಎರಡು ದಿನದಿಂದ ಅಲ್ಲಿ ಅಣ್ಣನ ಮನೆಯಲ್ಲಿದ್ದರಂತೆ. ನಾನು ಎಲ್ಲ ಹೇಳಿದೆ. ಹೆದರಿದೆಯಾ ಎಂದು ಅವರು ಕೇಳಲಿಲ್ಲ.

"ಎಷ್ಟು ಸಲ ಕರೀತು?"

"ಎರಡು ಸಲ, ಟೀಚರ್."

ಚೀಲ ಕೆಳಗಿಟ್ಟು ರಸ್ತೆಯ ಮೋರಿಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಅವರು ಯಾವ ಅಮ್ಮನ ದನಿಯನ್ನೂ ತೆಗೆಯಲಿಲ್ಲ.

ಎಷ್ಟೋ ವರ್ಷದ ಮೇಲೆ, ನನ್ನ ಎರಡು ವರ್ಷದ ಮಗಳನ್ನು ಎತ್ತಿಕೊಂಡು ತರೀಕೆರೆಗೆ ಹೋಗಿ ಅವರನ್ನು ಕಂಡೆ. ಕೆಲಸ ಬಿಟ್ಟು ಅಣ್ಣನ ಮನೆ ಸೇರಿದ್ದರು. ಆ ವಿದ್ಯೆಯನ್ನು ಯಾಕೆ ಕಲಿತಿರಿ ಎಂದು ಅವತ್ತು ಕೇಳಿದೆ. ಅವರಿಗೊಬ್ಬಳು ಮಗಳಿದ್ದಳಂತೆ, ಆರು ವರ್ಷದವಳು. ಚೌಳಹಿರಿಯೂರಿನ ಗಂಡನ ಮನೆಯಲ್ಲಿ, ಅಜ್ಜಿಯ ಪಕ್ಕ ಕೂತು ಊಟ ಮಾಡುತ್ತಿದ್ದವಳು, ಅಮ್ಮ ಕರೀತಿದಾಳೆ ಎಂದು ಎಂಜಲು ಕೈಯಲ್ಲೇ ಎದ್ದುಹೋದಳು. ಮತ್ತೆ ಸಿಗಲಿಲ್ಲ. ಕೆರೆ, ಬಾವಿ, ಹೊಲ, ಎಲ್ಲೂ.

"ನಾನು ರಾಗಿ ಹೊಲದಲ್ಲಿದ್ದೆ ಕಣೇ, ಎರಡು ಮೈಲಿ ದೂರ. ನಮ್ಮತ್ತೆನೂ ಕೇಳಿದ್ರಂತೆ. ನೀನೇ ಎರಡು ಸಲ ಕರೆದೆ, ನಿನ್ ದನಿ ನಂಗೊತ್ತಿಲ್ವಾ ಅಂತ ಸಾಯೋವರ್ಗೂ ಅಂದ್ರು. ಒಂದೊಂದ್ಸಲ ನಂಗೂ ಹಂಗೇ ಅನ್ಸುತ್ತೆ. ನಾನೇ ಕರೆದಿದ್ನೇನೋ."

ಹೊರಟಾಗ ಮಗುವನ್ನು ಎತ್ತಿಕೊಂಡು ಬಸ್ಸಿನವರೆಗೂ ಬಂದರು. ಅದು ಅವರ ಹೆಗಲ ಮೇಲೆ ನಿದ್ದೆ ಹೋಗಿತ್ತು. ಮೂರು ತಿಂಗಳಿಗೆ, ಟೀಚರ್ ತೀರಿಕೊಂಡರೆಂದು ಅವರ ಅಣ್ಣನಿಂದ ಕಾಗದ ಬಂತು. ಅಷ್ಟೆಲ್ಲ ಹೇಳಿದ ಟೀಚರ್ ಆ ಮಗಳ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಿರಲಿಲ್ಲ. ನನಗೂ ಕೇಳುವ ಧೈರ್ಯ ಬಂದಿರಲಿಲ್ಲ.