ವರ್ತೂರಿನ ಮದುವೆ ಮನೆಯಿಂದ ಬಂದ ಬ್ಲೇಡುಗಳು

ಭಾನುವಾರ ಬಂತೆಂದರೆ ಬಾಗಲಗುಂಟೆಯ ಜ್ಯೋತಿಲಕ್ಷ್ಮಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಬೆಳಗಿನ ಕಾಫಿಯನ್ನು ನಿಂತುಕೊಂಡೇ ಕುಡಿದು, ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ, ನಾಗಸಂದ್ರದಲ್ಲಿ ಮೆಟ್ರೊ ಹತ್ತಿ, ನಡುವೆ ಬದಲಿಸಿ ಬೊಮ್ಮಸಂದ್ರದಲ್ಲಿಳಿದು, ಅಲ್ಲಿಂದ ಬಸ್ಸು ಹಿಡಿದು ಅತ್ತಿಬೆಲೆಯ ಆಚೆಗಿನ ಒಂದು ಖಾಸಗಿ ಏರ್‌ಸ್ಟ್ರಿಪ್ ಸೇರಿಕೊಳ್ಳುವಳು. ಊರಿನ ಈ ತುದಿಯಿಂದ ಆ ತುದಿ. ಅವಳ ಗಂಡ ಕೃಷ್ಣಪ್ಪ ಬಾಗಿಲಲ್ಲಿ ನಿಂತು, "ಹೋಗು ತಾಯಿ, ನಿನ್ ಸವತಿ ಕಾಯ್ತಿರ್ತಾಳೆ" ಎಂದು ಕಳಿಸಿಕೊಡುವನು.

ಸವತಿ ಎಂದರೆ ಕೆಂಪಿ. ಕೆಂಪಿ ಎಂದರೆ ಒಂದು ಹಳೆಯ ಜೆಟ್ ವಿಮಾನ. ವಾಯುಪಡೆಯ ಹುಡುಗರು ಹಾರಾಟ ಕಲಿಯುತ್ತಿದ್ದ ಎರಡು ಸೀಟಿನ ವಿಮಾನವದು. ಮೂತಿಗೆ ಕೆಂಪು ಬಣ್ಣ ಬಳಿದಿದ್ದನ್ನು ಕಂಡು ತಮ್ಮ ಮನೆಯ ಹಸುವಿನ ಹೆಸರನ್ನೇ ಜ್ಯೋತಿಲಕ್ಷ್ಮಿ ಅದಕ್ಕಿಟ್ಟಿದ್ದಳು. ಆ ಹಸು ಮೇಯುತ್ತಿದ್ದ ಹೊಲದಲ್ಲಿ ಈಗ ಪೀಣ್ಯದ ಶೆಡ್ಡುಗಳಿವೆ.

ಅವಳು ಐಟಿಐನಲ್ಲಿ ಫಿಟ್ಟರ್ ಓದಿದಾಗ ಇಡೀ ತರಗತಿಗೆ ಒಬ್ಬಳೇ ಹುಡುಗಿ. ಆಮೇಲೆ ವಿಮಾನದ ಎಂಜಿನ್ ಜೋಡಿಸುವ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು, ಪೀಣ್ಯ ಎರಡನೇ ಹಂತದಲ್ಲಿ ಬ್ಯಾಲೆನ್ಸಿಂಗ್ ಅಂಗಡಿ ಹಾಕಿದಳು. ಪಂಪಿನ ಚಕ್ರವಿರಲಿ, ಕಾರ್ಖಾನೆಯ ಫ್ಯಾನಿರಲಿ, ತಿರುಗುವಾಗ ಅದುರದಂತೆ ತೂಕ ಸರಿಮಾಡಿಕೊಡುವುದು ಅಲ್ಲಿಯ ಕೆಲಸ. ಒಂದು ದಿನ ಬಿಳಿ ಮೀಸೆಯ ಶಿವಶಂಕರ್ ಎಂಬುವವರು ಸಣ್ಣದೊಂದು ಫ್ಯಾನು ಹಿಡಿದುಕೊಂಡು ಅಂಗಡಿಗೆ ಬಂದರು. ಅದನ್ನು ಕೈಗೆತ್ತಿಕೊಂಡವಳೇ, "ಅಯ್ಯೋ ಸಾರ್, ಇದು ನಮ್ ಜೆಟ್ಟಿಂದು! ಎಲ್ಲಿ ಸಿಕ್ತು ನಿಮ್ಗೆ?" ಎಂದು ಕೂಗಿದಳು. ಅವರು ವಾಯುಪಡೆಯ ನಿವೃತ್ತ ಪೈಲಟ್. ನಾಲ್ಕಾರು ಗೆಳೆಯರೊಂದಿಗೆ ಸೇರಿ ಆ ವಿಮಾನವನ್ನು ಹರಾಜಿನಲ್ಲಿ ಕೊಂಡು, ಕಚೇರಿ ಕಚೇರಿ ಅಲೆದು ಹಾರಿಸುವ ಪರವಾನಗಿ ಪಡೆದಿದ್ದರು. ಆ ಭಾನುವಾರವೇ ಜ್ಯೋತಿಲಕ್ಷ್ಮಿ ಅತ್ತಿಬೆಲೆಗೆ ಹೊರಟಳು. ಆಮೇಲೆ ತಪ್ಪಿಸಲೇ ಇಲ್ಲ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಈ ಬೇಸಿಗೆಯಲ್ಲಿ ರನ್‌ವೇಯ ಅಂಚಿನ ದುರಸ್ತಿಯಾಗಿ, ಯಾರ ಕಣ್ಣಿಗೂ ಬೀಳದ ಜಲ್ಲಿಕಲ್ಲೊಂದು ಅಲ್ಲೇ ಉಳಿದುಕೊಂಡಿತ್ತು. ಕೆಂಪಿ ಓಡುತ್ತ ಓಡುತ್ತ ಅದನ್ನು ಗಪ್ಪನೆ ನುಂಗಿಬಿಟ್ಟಳು. ಫಡ್ ಎಂಬ ಸದ್ದು ಹ್ಯಾಂಗರಿನವರೆಗೂ ಕೇಳಿಸಿತು. ಶಿವಶಂಕರ್ ನೆಲ ಬಿಡುವ ಮೊದಲೇ ಎಂಜಿನ್ ಆರಿಸಿ ಬ್ರೇಕ್ ಹಾಕಿದರು. ಜ್ಯೋತಿಲಕ್ಷ್ಮಿ ಓಡಿಹೋಗಿ ಟಾರ್ಚು ಬಿಟ್ಟು ನೋಡಿದರೆ, ಗಾಳಿ ಎಳೆದುಕೊಳ್ಳುವ ಮುಂದಿನ ಚಕ್ರದ ಬ್ಲೇಡುಗಳು ಸೊಟ್ಟಗಾಗಿದ್ದವು. ಕೆಲವಕ್ಕೆ ತುದಿಯೇ ಇರಲಿಲ್ಲ.

"ಇಲಿ ಕಡ್ದಂಗಿದೆ ಸಾರ್" ಎಂದಳು.

ವಿಮಾನ ಹಾರಲು ಯೋಗ್ಯವೆಂದು ಸಹಿ ಹಾಕುವ ಎಂಜಿನಿಯರ್ ಹನುಮೇಶ, ತಿಂಗಳುಗಟ್ಟಲೆ ಹುಡುಕಿದ. ಆ ಬ್ಲೇಡು ಮಾಡುವುದನ್ನು ಕಾರ್ಖಾನೆ ನಿಲ್ಲಿಸಿ ಒಂದು ತಲೆಮಾರೇ ಕಳೆದಿತ್ತು. ಕಾಲೇಜುಗಳಿಗೆ ಬರೆದ, ಗುಜರಿಯವರನ್ನು ಕೇಳಿದ, ಹೊರದೇಶದವರಿಗೂ ಫೋನು ಮಾಡಿದ. ಎಲ್ಲೂ ಇಲ್ಲ. ಕೊನೆಗೆ ಶಿವಶಂಕರ್ ಕುರ್ಚಿಯಲ್ಲಿ ಕುಸಿದು ಕೂತು ಹೇಳಿದರು: "ಸಾಕು ಬಿಡಿ ಜ್ಯೋತಿಯವ್ರೇ. ನನಗೂ ವಯಸ್ಸಾಯ್ತು. ಯಾವುದಾದ್ರೂ ಸ್ಕೂಲಿನ ಮುಂದೆ ಕಂಬದ ಮೇಲೆ ನಿಲ್ಸೋಣ. ಮಕ್ಕಳು ನೋಡ್ಲಿ."

"ಕಂಬದ ಮೇಲಾ? ಕಾಗೆ ಕೂರೋಕಾ? ನಾನ್ ಬದುಕಿರೋವಾಗ ಕೆಂಪಿನ ಕಂಬಕ್ಕೇರಿಸ್ತೀರಾ ಸಾರ್?" ಎಂದು ಜ್ಯೋತಿಲಕ್ಷ್ಮಿ ಎದ್ದೇ ಬಿಟ್ಟಳು. ಆದರೆ ಎದ್ದು ಮಾಡುವುದೇನೆಂದು ಅವಳಿಗೂ ತಿಳಿದಿರಲಿಲ್ಲ.

ಅದಾದ ಮುಂದಿನ ವಾರ ಅವಳ ಮಗಳು ಕೃಪಾ ಗೆಳತಿಯ ಮದುವೆಗೆಂದು ವರ್ತೂರಿಗೆ ಹೋದಳು. ಧಾರೆ ಮುಗಿದ ಮೇಲೆ ಮದುಮಗಳ ಜೊತೆ ಛತ್ರದ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಪೀಣ್ಯದ ಅಂಗಡಿಯಲ್ಲಿ ಟಿಫನ್ ಡಬ್ಬಿ ಬಿಚ್ಚುತ್ತ ಕೂತಿದ್ದ ಜ್ಯೋತಿಲಕ್ಷ್ಮಿ ಫೋಟೊ ನೋಡಿದಳು. ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಡಬ್ಬಿ ಹಾಗೇ ಬಿಟ್ಟು ಮಗಳಿಗೆ ಫೋನು ಹಚ್ಚಿದಳು.

"ಕೃಪಾ, ಸ್ವಲ್ಪ ಪಕ್ಕಕ್ಕೆ ಹೋಗೇ!"

"ಏನಮ್ಮಾ? ಎಲ್ಲಿಗೆ ಹೋಗ್ಲಿ?"

"ನಿನ್ ಹಿಂದೆ ಗಾಜಿನ ಪೆಟ್ಟಿಗೇಲಿ ಇದ್ಯಲ್ಲ, ಸೀರಿಯಲ್ ಸೆಟ್ ಸುತ್ತಿರೋದು, ಅದರ ಫೋಟೊ ತೆಗೆದು ಕಳ್ಸು. ಮದುಮಗಳನ್ನ ಬಿಟ್ಟಾಕು. ಅದೊಂದೇ ಬರ್ಲಿ!"

ಕೃಪಾ ಕಳಿಸಿದಳು. ಕೆಂಪು ಹಸಿರು ದೀಪಗಳ ನಡುವೆ, ಕುಂಕುಮ ಹಚ್ಚಿಕೊಂಡು, ಮಲ್ಲಿಗೆ ದಂಡೆ ಮುಡಿದು ಕೂತಿತ್ತು ಕೆಂಪಿಯದೇ ಜಾತಿಯ ಎಂಜಿನ್. ಜ್ಯೋತಿಲಕ್ಷ್ಮಿ ಅಂಗಡಿಯಲ್ಲಿ ಎರಡು ಸುತ್ತು ಕುಣಿದಳು. ಕೃಷ್ಣಪ್ಪನಿಗೆ ಫೋನು ಹೋಯಿತು. ಅವನು ಹಳೆಯ ಓಮ್ನಿ ತೆಗೆದುಕೊಂಡು ಬಂದ. ಎಣ್ಣೆ ಮೆತ್ತಿದ ನೀಲಿ ಕೋಟಿನಲ್ಲೇ ಅವಳು ಹತ್ತಿ ಕೂತಳು. ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ, "ರೀ, ಹಾರ್ನ್ ಮಾಡ್ರೀ, ಅವ್ರು ಛತ್ರಕ್ಕೆ ಬೀಗ ಹಾಕ್ಬಿಡ್ತಾರೆ" ಎಂದು ಗಂಡನ ಪ್ರಾಣ ತಿಂದಳು.

ಛತ್ರ ತಲುಪಿದಾಗ ಇನ್ನೂ ಊಟದ ಪಂಕ್ತಿ ನಡೆದಿತ್ತು. ಹೆಣ್ಣಿನ ಕಡೆಯವರು ಇವರನ್ನು ಗಂಡಿನ ಕಡೆಯವರೆಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದುಕೊಂಡರು. ಇಬ್ಬರೂ ಸೇರಿ ಕೃಷ್ಣಪ್ಪನನ್ನು ಎಳೆದು ಎಲೆಯ ಮುಂದೆ ಕೂರಿಸಿದರು. ಅವನು ಬೇಡವೆನ್ನಲಿಲ್ಲ. ಜ್ಯೋತಿಲಕ್ಷ್ಮಿ ಮಾತ್ರ ಗಾಜಿನ ಪೆಟ್ಟಿಗೆಯ ಬಾಗಿಲು ಸರಿಸಿ, ಎಂಜಿನ್ನಿನ ಬಾಯೊಳಗೆ ತಲೆ ತೂರಿಸಿ, ಒಂದೊಂದೇ ಬ್ಲೇಡನ್ನು ಬೆರಳಿನಿಂದ ಸವರಿ ನೋಡತೊಡಗಿದಳು. ಒಂದು ಚೂರು ತುಕ್ಕಿಲ್ಲ! ಬೆರಳಿಗೆ ಜಿಡ್ಡು ಹತ್ತಿತು. ಮೂಸಿದಳು. ಹರಳೆಣ್ಣೆ.

"ಯಾರಮ್ಮ ನೀನು? ಮದ್ವೆ ಮನೆಗ್ ಬಂದು ಇಂಗೆ ತಲೆ ಒಳಗಾಕ್ಕೊಂಡು ನಿಂತಿದ್ದೀಯ?" ಎಂದು ಹಿಂದಿನಿಂದ ಗಡಸು ದನಿ ಕೇಳಿಸಿತು. ಛತ್ರದ ಯಜಮಾನ ನಲ್ಲಪ್ಪ. ವರ್ತೂರಿನ ಹಳೆಯ ಬೇಸಾಯದ ಮನೆತನದವನು. ಹೊಲವಿದ್ದ ಜಾಗದಲ್ಲಿ ಈಗ ಅರ್ಧಕ್ಕೆ ಬಾಡಿಗೆ ಮನೆ, ಉಳಿದರ್ಧಕ್ಕೆ ಈ ಛತ್ರ.

ತಲೆ ಹೊರಗೆ ತೆಗೆಯದೆ ಅವಳು ಕೇಳಿದಳು: "ಇದಕ್ಕೆ ಹರಳೆಣ್ಣೆ ಯಾರು ಹಚ್ಚೋದು ಅಣ್ಣ? ಅವ್ರ ಕಾಲಿಗ್ ಬೀಳ್ಬೇಕು ನಾನು."

"ನಮ್ಮವ್ವ. ಮಂಗಳವಾರ ಮಂಗಳವಾರ ಅಚ್ತಾಳೆ. ಗುಜರಿ ಅರಾಜಲ್ಲಿ ತಂದಿದ್ದು ಕಣಮ್ಮ, ಛತ್ರಕ್ಕೊಂದು ಕಳೆ ಇರ್ಲಿ ಅಂತ. ಈಗ ಜನ ಇದನ್ನ ನೋಡೇ ಬುಕ್ ಮಾಡ್ತಾರೆ. ಜೆಟ್ ಛತ್ರ ಅಂತ್ಲೇ ಎಸ್ರು ಬಿದ್ದೈತೆ."

ಜ್ಯೋತಿಲಕ್ಷ್ಮಿ ಕೆಂಪಿಯ ಕತೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಈ ಎಂಜಿನ್ ಬೇಕೆಂದಳು. ನಲ್ಲಪ್ಪ ಎರಡೂ ಕೈ ಅಡ್ಡ ಅಲ್ಲಾಡಿಸಿದ. ಕೊಡುವುದಿಲ್ಲ. ಛತ್ರದ ಮುಖವೇ ಹೋಗುತ್ತದೆ. ನಾಳೆ ಬುಕ್ ಮಾಡಿದವರು ಕೇಳಿದರೆ ಏನು ತೋರಿಸಲಿ?

ಅಷ್ಟರಲ್ಲಿ ಎಲೆಯಡಿಕೆ ಮೆಲ್ಲುತ್ತ ಅವನ ತಾಯಿ ಚಿಕ್ಕಮುನಿಯಮ್ಮ ಬಂದಳು. ಬೆನ್ನು ಬಾಗಿತ್ತು, ಕಣ್ಣು ಚುರುಕಾಗಿತ್ತು. ಎಲ್ಲ ಕೇಳಿಸಿಕೊಂಡು, "ಅಲ್ಲ ಮಗಾ, ಇದು ಕೂಗ್ತದಾ?" ಎಂದು ಜ್ಯೋತಿಲಕ್ಷ್ಮಿಯನ್ನು ಕೇಳಿದಳು.

"ಕೂಗೋದಾ ಅಜ್ಜಿ! ಎರಡು ಊರಿಗೆ ಕೇಳತ್ತೆ."

"ಅಂಗಾದ್ರೆ ನಂಗೆ ಕೇಳುಸ್ಬೇಕು. ಇಷ್ಟ್ ವರ್ಷದಿಂದ ಎಣ್ಣೆ ಅಚ್ತಾ ಇವ್ನಿ, ಒಂದ್ ದಿನಾನೂ ಬಾಯ್ ಬಿಟ್ಟಿಲ್ಲ ಇದು."

ಜ್ಯೋತಿಲಕ್ಷ್ಮಿಗೆ ಆ ಕ್ಷಣವೇ ಉಪಾಯ ಹೊಳೆಯಿತು. ಇಡೀ ಎಂಜಿನ್ ಯಾಕೆ ಬೇಕು? ಮುಂದಿನ ಚಕ್ರದಲ್ಲಿ ಬೇಕಾದ ಬ್ಲೇಡುಗಳನ್ನಷ್ಟೇ ಬಿಚ್ಚಿಕೊಂಡು, ಕೆಂಪಿಯ ಸೊಟ್ಟ ಬ್ಲೇಡುಗಳನ್ನು ತಟ್ಟಿ ನೇರಮಾಡಿ, ಹೊಳಪು ಕೊಟ್ಟು ಇಲ್ಲಿ ಕೂರಿಸಿದರಾಯಿತು. ನೋಡುವವರಿಗೆ ವ್ಯತ್ಯಾಸವೇ ತಿಳಿಯದು ಎಂದು ನಲ್ಲಪ್ಪನಿಗೆ ಬಿಡಿಸಿ ಹೇಳಿದಳು.

"ಕೊಟ್ಬಿಡೋ ನಲ್ಲ" ಎಂದಳು ಚಿಕ್ಕಮುನಿಯಮ್ಮ. ನಲ್ಲಪ್ಪ ತಲೆ ಕೆರೆದುಕೊಂಡ. "ಬಿಚ್ಚೋದು ಮದ್ವೆ ಇಲ್ದಿರೋ ದಿನ" ಎಂದ. ಅಲ್ಲಿಗೆ ಮಾತು ಮುಗಿದು, ಜ್ಯೋತಿಲಕ್ಷ್ಮಿಯೂ ಎಲೆಯ ಮುಂದೆ ಕೂತಳು. ಒಬ್ಬಟ್ಟಿಗೆ ತುಪ್ಪ ಬಿದ್ದಾಗ ಅವಳ ಕಣ್ಣಿನಿಂದಲೂ ಎರಡು ಹನಿ ಬಿದ್ದವು. ಬಡಿಸುವವನು ಹೆಣ್ಣಿನ ಸೋದರತ್ತೆಯಿರಬೇಕೆಂದುಕೊಂಡು ಸಮಾಧಾನ ಮಾಡಿದ.

ಬ್ಲೇಡುಗಳು ಹ್ಯಾಂಗರಿಗೆ ಬಂದವು. ಅವನ್ನು ಬೆಳಕಿಗೆ ಹಿಡಿದು ನೋಡಿ, "ಬಂಗಾರದಂಗಿವೆ, ಜೋಡ್ಸೋಣ ನಡಿ" ಎಂದು ಜ್ಯೋತಿಲಕ್ಷ್ಮಿ ಕೋಟಿನ ತೋಳು ಮೇಲಕ್ಕೆ ಮಡಿಸಿದಳು. ಹನುಮೇಶ ಅಡ್ಡ ನಿಂತ. "ಅಕ್ಕ, ಟೆಸ್ಟ್ ಆಗದೆ ಒಂದೂ ಒಳಗೆ ಹೋಗಲ್ಲ."

"ನನ್ ಕಣ್ಣ ಮೇಲೆ ನಂಬಿಕೆ ಇಲ್ವೇನೋ?"

"ನನ್ ಕಣ್ಣ ಮೇಲೂ ಇಲ್ಲ ಅಕ್ಕ."

ಅವನು ಬ್ಲೇಡುಗಳಿಗೆ ಕೆಂಪು ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ಕಾದ. ಎಲ್ಲವೂ ಬೆಳ್ಳಗೇ ಉಳಿದವು, ಒಂದು ಬಿಟ್ಟು. ಅದರ ಬುಡದಲ್ಲಿ ಕೂದಲೆಳೆಯಂಥ ಕೆಂಪು ಗೆರೆಯೊಂದು ನಿಧಾನವಾಗಿ ಮೂಡಿತು. ಬಿರುಕು. ಅದು ಒಳಗೆ ಹೋಗಿದ್ದರೆ ಆಕಾಶದಲ್ಲಿ ಮುರಿಯುತ್ತಿತ್ತು. ಜ್ಯೋತಿಲಕ್ಷ್ಮಿ ಗೆರೆಯನ್ನೇ ನೋಡುತ್ತ ನಿಂತಳು. ಆಮೇಲೆ ಹನುಮೇಶನ ಎರಡೂ ಕೆನ್ನೆ ಹಿಂಡಿ, "ನಿಮ್ಮವ್ವ ಏನ್ ತಿಂದು ಹೆತ್ತಳೋ ನಿನ್ನ!" ಎಂದು ಅವನನ್ನು ಕೆಂಪಗೆ ಮಾಡಿದಳು. ಮತ್ತೆ ವರ್ತೂರಿಗೆ ಹೋಗಿ ಇನ್ನೊಂದು ಬ್ಲೇಡು ತಂದದ್ದಾಯಿತು. ಚಿಕ್ಕಮುನಿಯಮ್ಮ ಮುದ್ದೆ, ಉಪ್ಸಾರು ತಿನ್ನಿಸದೆ ಕಳಿಸಲಿಲ್ಲ.

ಬ್ಲೇಡುಗಳನ್ನು ತೂಗಿ, ತೂಕಕ್ಕೆ ತೂಕ ಎದುರುಬದುರು ಜೋಡಿಸಿ, ಚಕ್ರವನ್ನು ಟೆಂಪೊದಲ್ಲಿ ಹಾಸಿಗೆಯ ಮೇಲೆ ಮಲಗಿಸಿ ಪೀಣ್ಯದ ಅಂಗಡಿಗೆ ಒಯ್ದರು. ಜ್ಯೋತಿಲಕ್ಷ್ಮಿ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು, ಯಂತ್ರದ ಮುಳ್ಳು ಒಂದಿಷ್ಟೂ ಅಲುಗದಾಗುವ ತನಕ ಅದನ್ನು ತಿರುಗಿಸಿದಳು. ವಿಮಾನಯಾನ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ನೋಡಿ ಒಪ್ಪಿದರು. ಎಂಜಿನ್ ಮತ್ತೆ ಕೆಂಪಿಯ ಹೊಟ್ಟೆ ಸೇರಿತು.

ನೆಲದ ಮೇಲೆಯೇ ಎಂಜಿನ್ ಓಡಿಸಿ ನೋಡುವ ದಿನ ನಲ್ಲಪ್ಪನ ಮನೆಯವರೆಲ್ಲ ಟೆಂಪೊ ಟ್ರಾವೆಲರ್ ಮಾಡಿಕೊಂಡು ಬಂದಿಳಿದರು. ಕೃಷ್ಣಪ್ಪ ಬೇಸಿನ್ ತುಂಬ ಪುಳಿಯೋಗರೆ ತಂದಿದ್ದ. ಕೆಂಪಿಗೆ ನಿಂಬೆಹಣ್ಣು, ಕುಂಬಳಕಾಯಿ ಎಲ್ಲ ಆಯಿತು. ಕುಂಬಳಕಾಯಿಯ ಒಂದು ಚೂರೂ ಉಳಿಯದಂತೆ ಹನುಮೇಶ ತಾನೇ ನೆಲ ಗುಡಿಸಿದ. ಹಗ್ಗ ಕಟ್ಟಿದ ಆಚೆ, ಪಕ್ಕದಲ್ಲಿ, ಕುರ್ಚಿ ಹಾಕಿ ಚಿಕ್ಕಮುನಿಯಮ್ಮನನ್ನು ಕೂರಿಸಿದರು. ಕಿವಿಗೆ ಮುಚ್ಚಲು ಕೊಟ್ಟರೆ, "ಕಿವಿ ಮುಚ್ಕೊಂಡು ಕೇಳೋಕ್ ಬಂದ್ನಾ ನಾನು?" ಎಂದು ಜಗಳಕ್ಕೆ ನಿಂತಳು. ಜ್ಯೋತಿಲಕ್ಷ್ಮಿ ಪೂಸಿ ಹೊಡೆದು ಹೇಗೋ ಹಾಕಿಸಿದಳು.

ಶಿವಶಂಕರ್ ಒಳಗೆ ಕೂತು ಹೆಬ್ಬೆರಳೆತ್ತಿದರು. ಎಂಜಿನ್ ಗುಂಯ್ಗುಟ್ಟುತ್ತ ತಿರುಗಿತು, ಬಿಳಿ ಹೊಗೆಯ ಒಂದು ಉಗುಳು ಬಿಟ್ಟಿತು, ನಿಂತುಹೋಯಿತು.

"ಇದ್ಯಾಕೆ ಕೆಮ್ತದೆ?" ಎಂದು ಮುದುಕಿ ಕೂಗಿದಳು.

ಜ್ಯೋತಿಲಕ್ಷ್ಮಿ ಎಂಜಿನ್ನಿನ ಮುಚ್ಚಳ ತೆಗೆದು ನೋಡಿದಳು. ಕಿಡಿ ಕೊಡುವ ಪ್ಲಗ್ಗಿನ ವೈರು ಸಡಿಲವಾಗಿ ಜೋತಾಡುತ್ತಿತ್ತು. ಅದನ್ನು ಬಿಗಿಯಬೇಕಾದವಳು ಅವಳೇ! "ನಂದೇ ಸಾರ್, ನಂದೇ ಕೆಲಸ ಇದು" ಎಂದು ಹಣೆ ಚಚ್ಚಿಕೊಳ್ಳುತ್ತ ಬಿಗಿದಳು. ಹನುಮೇಶ ಅದನ್ನು ಮತ್ತೊಮ್ಮೆ ಎಳೆದು ನೋಡಿದ. ಒಳಗೆ ನಿಂತ ಇಂಧನ ಬಸಿದು ಹೋಗುವ ತನಕ ಎಲ್ಲರೂ ಪುಳಿಯೋಗರೆ ತಿಂದರು.

ಎರಡನೆಯ ಸಲ ಕೆಂಪಿ ಕೆಮ್ಮಲಿಲ್ಲ. ಗುಂಯ್ ಎನ್ನುವುದು ಶಿಳ್ಳೆಯಾಯಿತು, ಶಿಳ್ಳೆ ಏರಿ ಏರಿ ಗರ್ಜನೆಯಾಯಿತು. ಎದೆಗೂಡಿನ ಒಳಗೇ ಯಾರೋ ತಮಟೆ ಬಾರಿಸಿದಂತಾಯಿತು. ಹಿಂದಿನ ಹುಲ್ಲೆಲ್ಲ ಮಲಗಿಬಿಟ್ಟಿತು. ನಲ್ಲಪ್ಪ ಪಂಚೆ ಎತ್ತಿಕಟ್ಟಿ ಕುಣಿಯಲು ಶುರುಮಾಡಿದ. ಚಿಕ್ಕಮುನಿಯಮ್ಮ ಕುರ್ಚಿಯಿಂದೆದ್ದು ಎರಡೂ ಕೈ ಮೇಲೆತ್ತಿ ಏನೋ ಕೂಗುತ್ತಿದ್ದಳು. ಒಂದಕ್ಷರವೂ ಕೇಳಿಸದು, ಹಲ್ಲಿಲ್ಲದ ಬಾಯಿ ಮಾತ್ರ ಅಗಲವಾಗಿ ತೆರೆದಿತ್ತು. ಎಂಜಿನ್ ಆರಿದ ಮೇಲೆಯೂ ಅವಳು ಕೂಗುತ್ತಲೇ ಇದ್ದಳು: "ಬಾಯ್ ಬಿಡ್ತು ಕಣ್ರೋ! ನನ್ ಕೂಸು ಬಾಯ್ ಬಿಡ್ತು!"

ಮೊದಲ ಹಾರಾಟಕ್ಕೆ ಶಿವಶಂಕರ್ ಒಬ್ಬರೇ ಹೋಗಿ ಬಂದರು, ನಿಯಮ ಅಂಥದ್ದು. ಮುಂದಿನ ಭಾನುವಾರ ಅವರು ಎರಡನೆಯ ಹೆಲ್ಮೆಟ್ಟನ್ನು ಜ್ಯೋತಿಲಕ್ಷ್ಮಿಯ ಕೈಗೆ ಕೊಟ್ಟರು. ಇಷ್ಟು ವರ್ಷ ಎಂಜಿನ್ ಜೋಡಿಸಿದ ಅವಳು ಒಮ್ಮೆಯೂ ಜೆಟ್ಟಿನಲ್ಲಿ ಕೂತವಳಲ್ಲ. "ನಾನಾ ಸಾರ್? ಜಡೆ ಒಳಗೆ ಹೋಗತ್ತಾ ಇದರಲ್ಲಿ?" ಎಂದು ತೊದಲಿದಳು.

ಅಂಗೈಯನ್ನು ಪಕ್ಕದ ಗೋಡೆಗೊತ್ತಿ, ಎಂಜಿನ್ ಎಲ್ಲಾದರೂ ಅದುರುತ್ತದೆಯೇ ಎಂದು ಕೊನೆಯವರೆಗೂ ಕೇಳಿಸಿಕೊಳ್ಳಬೇಕೆಂದು ಅವಳು ನಿರ್ಧರಿಸಿದ್ದಳು. ನೆಲ ಬಿಡುವವರೆಗೆ ಹಾಗೇ ಮಾಡಿದಳು. ಆಮೇಲೆ ಅತ್ತಿಬೆಲೆಯ ಹೆದ್ದಾರಿಯ ಲಾರಿಗಳು ಇರುವೆ ಸಾಲಾದವು, ಕೆರೆಗಳು ಒಡೆದ ಕನ್ನಡಿ ಚೂರುಗಳಂತೆ ಮಿನುಗಿದವು. ಶಿವಶಂಕರ್ ರೆಕ್ಕೆ ವಾಲಿಸಿದಾಗ ಭೂಮಿಯೇ ಎದ್ದು ಪಕ್ಕಕ್ಕೆ ಬಂದು ನಿಂತಿತು. ಅವಳು ಅಂಗೈಯನ್ನೂ ಮರೆತಳು, ಎಂಜಿನ್ನನ್ನೂ ಮರೆತಳು. ಹೊಟ್ಟೆಯೊಳಗಿಂದ ನಗು ಉಕ್ಕಿತು. ನಿಲ್ಲಿಸಲು ಹೋದಷ್ಟೂ ಜಾಸ್ತಿಯಾಯಿತು. ಬೆರಳು ರೇಡಿಯೊದ ಗುಂಡಿಯ ಮೇಲೇ ಇದ್ದದ್ದು ಅವಳಿಗೆ ತಿಳಿಯಲಿಲ್ಲ.

"ಕೆಂಪಿ, ಅದೇನು ಸದ್ದು? ತೊಂದರೆ ಇದೆಯಾ?" ಎಂದು ಕೆಳಗಿನಿಂದ ಹನುಮೇಶ ಗಾಬರಿಯಲ್ಲಿ ಕೇಳಿದ.

"ಎಂಜಿನ್ ನಾರ್ಮಲ್" ಎಂದರು ಶಿವಶಂಕರ್. "ಸದ್ದು ಹಿಂದಿನ ಸೀಟಿಂದು."

ಇಳಿದ ಮೇಲೆ ಹನುಮೇಶ ಟಾರ್ಚು ಹಿಡಿದು ಎಂಜಿನ್ನಿನ ಬಾಯೊಳಗೆ ಇಣುಕಿದ. ಎಲ್ಲ ಬ್ಲೇಡುಗಳೂ ಇದ್ದ ಹಾಗೇ ಇದ್ದವು. ಕೃಷ್ಣಪ್ಪ ಏಣಿ ಹತ್ತಿ ಬಂದು, "ಹೆಂಗಿತ್ತೇ? ಇಳಿ, ಬಾ" ಎಂದು ಕೈ ನೀಡಿದ. ಜ್ಯೋತಿಲಕ್ಷ್ಮಿ ಅವನ ಕೈ ಹಿಡಿದಳು. ಆದರೆ ಸೀಟಿನಿಂದ ಏಳಲಿಲ್ಲ.

"ಸಾರ್, ಇಂಧನ ಉಳಿದಿದ್ಯಾ?"

ಶಿವಶಂಕರ್ ಮುಳ್ಳು ನೋಡಿದರು. ಬಿಳಿ ಮೀಸೆ ಮೆಲ್ಲನೆ ಮೇಲೆದ್ದಿತು. "ಇದೆ."

"ಹಂಗಾದ್ರೆ ನೀವ್ ಇಳೀರಿ ರೀ" ಎಂದು ಅವಳು ಗಂಡನಿಗೆ ಹೇಳಿ, ಬೆಲ್ಟನ್ನು ಇನ್ನೊಂದು ಸಲ ಬಿಗಿದುಕೊಂಡಳು.