ರೆಕ್ಕೆಯ ದೇವಿ, ಕುದುರೆಯ ಸವಾರ

ಬೆಳಿಗ್ಗೆ ಹಾಲಿನವನು ಚಿಲ್ಲರೆ ಕೊಟ್ಟ. ಈಗೆಲ್ಲ ಫೋನಿನಲ್ಲೇ ಕೊಡುವುದು ತೆಗೆದುಕೊಳ್ಳುವುದು ಮುಗಿಯುವುದರಿಂದ ನಾಣ್ಯ ಕೈಗೆ ಬಿದ್ದು ಬಹಳ ದಿನವಾಗಿತ್ತು. ಒದ್ದೆ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದೆನೋ ಏನೋ, ಆಮೇಲೆ ಕೈ ಮೂಸಿದರೆ ಅದೇ ವಾಸನೆ. ಅದೂ ಒಂದು ವಾಸನೆಯೇ ಎಂದು ನೀವು ಕೇಳಬಹುದು. ಜೀವಮಾನವೆಲ್ಲ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನಿಗೆ ಅದು ಅನ್ನದ ವಾಸನೆ. ನನ್ನ ಹೆಂಡತಿ ಇದ್ದಾಗ, ಡ್ಯೂಟಿ ಮುಗಿಸಿ ಬಂದ ಕೂಡಲೇ "ಮೊದಲ ಕೈ ತೊಳಕೊಳ್ರಿ, ರೊಟ್ಟಿ ಸೈತ ರೊಕ್ಕದ ವಾಸನಿ ಹೊಡಿತೈತಿ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಹಾಗೆ ಹೇಳುವವರು ಯಾರೂ ಇಲ್ಲ. ಇವತ್ತು ಕೈ ತೊಳೆಯದೆಯೇ ಕೂತು ಇದನ್ನು ಬರೆಯುತ್ತಿದ್ದೇನೆ.

ನನ್ನ ಹುಚ್ಚು ಶುರುವಾದದ್ದೂ ಚಿಲ್ಲರೆಯಿಂದಲೇ. ಗೋಕಾಕದಿಂದ ಹುಕ್ಕೇರಿಗೆ ಹೋಗುವ ಗಾಡಿಯಲ್ಲಿ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಟ್ಟ ನಾಣ್ಯಗಳ ನಡುವೆ ಒಂದು ಹಿತ್ತಾಳೆಯ ಗುಂಡಿ ಬಂದಿತ್ತು. ಪಾಪ, ಅವಳ ಕಣ್ಣು ಮಂಜಾಗಿತ್ತು. ಸಂಜೆ ಡಿಪೋದಲ್ಲಿ ಹಣ ಕಟ್ಟುವಾಗ ಕ್ಯಾಶಿಯರ್ ಅದನ್ನೆತ್ತಿ, "ಇದನ್ನ ಯಾವ ದೇಶದ ಬ್ಯಾಂಕಿಗೆ ಕಟ್ಲೋ ಮಾರಾಯ?" ಎಂದು ಎಲ್ಲರ ಮುಂದೆ ನಗೆಯಾಡಿದ. ಗುಂಡಿಯ ಮೇಲೆ ಕಿರೀಟವಿತ್ತು, ಕಹಳೆಯಿತ್ತು. ಯಾವುದೋ ಹಳೆಯ ಪಲ್ಟನ್ನಿನ ಕೋಟಿನಿಂದ ಕಳಚಿದ್ದು. ಜೇಬಿನಿಂದ ದುಡ್ಡು ಹಾಕಿ ಅದನ್ನು ನಾನೇ ಇಟ್ಟುಕೊಂಡೆ. ಅದರ ಬೆನ್ನಿಗೆ ಬೆಲ್ಟಿನ ಬಕಲು ಬಂತು, ನೀರಿನ ಬಾಟಲಿ ಬಂತು, ಸಿಪಾಯಿಗಳು ಉಣ್ಣುವ ತಗಡಿನ ಡಬ್ಬಿ ಬಂತು. ಹೆಂಡತಿ ಮಾತ್ರ, "ಗುಜರಿ ಅಂಗಡ್ಯಾವನ್ನ ಲಗ್ನಾ ಆಗಿದ್ರ ರೊಕ್ಕಾನರ ಬರ್ತಿತ್ತು" ಎಂದು ಗೊಣಗುತ್ತ, ಎಲ್ಲವನ್ನೂ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಡುತ್ತಿದ್ದಳು.

ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ಮಿಲ್ಟ್ರಿಗೆ ಹೋಗಿ ಬಂದವರಿದ್ದಾರೆ. ಅವರ ಟ್ರಂಕುಗಳು ಅಟ್ಟದ ಮೇಲಿರುತ್ತವೆ. ಬಸ್ಸಿನಲ್ಲಿ ಅಂಥ ಮನೆಯವರು ಯಾರಾದರೂ ಪರಿಚಯವಾದರೆ ರಜೆಯ ದಿನ ಹೋಗಿ ಕೂತುಬಿಡುತ್ತಿದ್ದೆ. ಮೊದಲು ಚಹಾ ಬರುತ್ತಿತ್ತು, ಆಮೇಲೆ ಅಜ್ಜನ ಕತೆ ಬರುತ್ತಿತ್ತು, ಎಲ್ಲಾ ಆದ ಮೇಲೆ ಟ್ರಂಕು ಕೆಳಗಿಳಿಯುತ್ತಿತ್ತು. "ಒಯ್ಯಿರಿ, ಇಲ್ಲಿ ಬಿದ್ದ ಏನ್ ಮಾಡೂದೈತಿ" ಎಂದು ಕೊಡುತ್ತಿದ್ದರು. ದುಡ್ಡಿನ ಮಾತೆತ್ತಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ದಡ್ಡಿ ಎಂಬ ಊರಿನಲ್ಲಿ ಒಬ್ಬರು ಶಿರಸ್ತ್ರಾಣದ ಜೊತೆಗೆ ಒಂದು ಚೀಲ ಶೇಂಗಾ ಕೂಡ ಹೊರಿಸಿ ಕಳಿಸಿದ್ದರು.

ಈ ಹುಚ್ಚಿಗೆ ಮೂರು ತಾಲೂಕಿನಲ್ಲಿ ನಾವು ಇಬ್ಬರೇ. ಇನ್ನೊಬ್ಬರು ಮೂಡಲಗಿಯ ಡ್ರಿಲ್ ಮಾಸ್ತರರು. ನನ್ನ ಬಸ್ಸು ಹತ್ತಿದಾಗ ನನ್ನ ಅಂಗಿಗೆ ಹೊಲಿದುಕೊಂಡಿದ್ದ ಆ ಹಿತ್ತಾಳೆ ಗುಂಡಿ ನೋಡಿ, ತಮ್ಮ ಊರು ಬಂದರೂ ಇಳಿಯದೆ ಮಾತಾಡುತ್ತ ಕೂತವರು ಅವರು. ಪ್ರಾಯದಲ್ಲಿ ಸೈನ್ಯಕ್ಕೆ ಸೇರಲು ಹೋಗಿ, ಪಾದ ಚಪ್ಪಟೆ ಎಂದು ವಾಪಸು ಬಂದಿದ್ದರು. ಆ ಸಿಟ್ಟನ್ನೆಲ್ಲ ಹೈಸ್ಕೂಲಿನ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿ ತೀರಿಸಿಕೊಂಡರು. ನಾನಂತೂ ದೀಪಾವಳಿಯಲ್ಲಿ ಸರಪಟಾಕಿ ಹಚ್ಚಿದರೆ ಒಳಗೆ ಹೋಗಿ ಕದ ಹಾಕಿಕೊಳ್ಳುವವನು. ಇಂಥ ಇಬ್ಬರು ಶೂರರು ಭಾನುವಾರಕ್ಕೊಮ್ಮೆ ಕೂತು ಯಾವ ಲಡಾಯಿಯಲ್ಲಿ ಯಾರು ಎಲ್ಲಿ ತಪ್ಪಿದರು ಎಂದು ತೀರ್ಪು ಕೊಡುತ್ತಿದ್ದೆವು. ಅವರು ನನ್ನನ್ನು 'ಕಂಡಕ್ಟರ' ಎಂದರು, ನಾನು ಅವರನ್ನು 'ಮಾಸ್ತರ್ರ' ಎಂದೆ. ಅದಕ್ಕಿಂತ ಹೆಚ್ಚಿನ ಹೆಸರು ನಮಗೆ ಬೇಕಾಗಲಿಲ್ಲ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಬಂದ ಸಿಪಾಯಿಗಳಲ್ಲಿ ಬಹಳ ಜನಕ್ಕೆ ಎರಡು ಪದಕ ಸಿಕ್ಕಿದ್ದವು, ಒಂದು ಬೆಳ್ಳಿಯದು, ಒಂದು ಕಂಚಿನದು. ನಮ್ಮಲ್ಲಿ ಪದಕ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಬಿಲ್ಲೆ ಎನ್ನಬೇಕು. ಎರಡರ ಅಂಚಿನಲ್ಲೂ ಸಿಪಾಯಿಯ ನಂಬರು, ಹೆಸರು ಇರುತ್ತದೆ. ಮನೆಗೆ ಕಷ್ಟ ಬಂದಾಗ ಬೆಳ್ಳಿಯದು ಪತ್ತಾರನ ಕುಲುಮೆಗೆ ಹೋಗುತ್ತದೆ. ಕಂಚಿನದು ಯಾರಿಗೂ ಬೇಡವಾಗಿ ಉಳಿಯುತ್ತದೆ. ಆದ್ದರಿಂದ ಒಬ್ಬನೇ ಸಿಪಾಯಿಯ ಜೋಡಿ ಒಟ್ಟಿಗೆ ಸಿಗುವುದು ಬಲು ಅಪರೂಪ.

ನನ್ನ ಕಂಚಿನ ಬಿಲ್ಲೆ ಮೇಲವಂಕಿಯ ಒಂದು ಮನೆಯದು. ಅದರ ಮೇಲೆ ರೆಕ್ಕೆಯ ಹೆಂಗಸೊಬ್ಬಳು ನಿಂತಿದ್ದಾಳೆ, ವಿಲಾಯತಿಯವರ ಗೆಲುವಿನ ದೇವತೆಯಂತೆ. ಆ ಮನೆಯವರು ಅವಳನ್ನು ನಮ್ಮ ದೇವಿಯೇ ಎಂದು ತಿಳಿದು, ದೇವರ ಜಗಲಿಯ ಮೇಲಿಟ್ಟು ಅರಿಶಿನ ಕುಂಕುಮ ಏರಿಸುತ್ತ ಬಂದಿದ್ದರು. ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಕ್ಕೆ ದೇವಿಯ ಮೂಗು ಮಾಯವಾಗಿತ್ತು. ಮನೆದೇವರಿಗೆ ಬೆಳ್ಳಿಯ ಮುಖ ಮಾಡಿಸಿದ ಮೇಲೆ ಜಗಲಿಯಲ್ಲಿ ಜಾಗ ಸಾಲದೆ ಅವಳು ನನ್ನ ಪಾಲಿಗೆ ಬಂದಳು. ಅವಳು ಯಾರೆಂದು ನಾನು ಬಿಡಿಸಿ ಹೇಳಿದಾಗ ಮನೆಯ ಹಿರಿಯಳು ಗಾಬರಿಯಾಗಿ, "ಹಂಗಾರ ಇಷ್ಟ ದಿನ ನಮ್ಮ ಹರಕಿ ಯಾರ್ ನಡಿಸಿದ್ರೋ ಯಪ್ಪಾ?" ಎಂದಳು. ನಾನು ಕೈ ಮುಗಿದು ಬಂದೆ.

ಮಾಸ್ತರರ ಹತ್ತಿರ ಒಂದು ಬೆಳ್ಳಿಯ ಬಿಲ್ಲೆ ಇತ್ತು. ಹುಕ್ಕೇರಿಯ ಪತ್ತಾರರೊಬ್ಬರು ಇನ್ನೇನು ಕರಗಿಸಬೇಕು ಎನ್ನುವಾಗ ಬೇಡಿ ತಂದದ್ದು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆಯ ಮೇಲೆ ಮೈಮೇಲೆ ಬಟ್ಟೆಯಿಲ್ಲದ ಸವಾರ. ಹೆಂಗಸರ ಕಣ್ಣಿಗೆ ಬೀಳಬಾರದೆಂದು ಮಾಸ್ತರರು ಯಾವಾಗಲೂ ರಾಜನನ್ನು ಮೇಲೆ ಮಾಡಿ ಇಡುತ್ತಿದ್ದರು. ಒಂದು ಭಾನುವಾರ ಭೂತಗನ್ನಡಿ ಹಿಡಿದು ಅದರ ಅಂಚು ಓದಿದೆ. ಸಿಪಾಯಿ ಭರಮಾ. ಅದೇ ನಂಬರು, ಅದೇ ಪಲ್ಟನ್ನು, ನನ್ನ ದೇವಿಯ ಅಂಚಿನಲ್ಲಿದ್ದದ್ದೇ! ಮಾಸ್ತರರು ಕೂತಲ್ಲಿಂದ ಎದ್ದು ಸೆಲ್ಯೂಟ್ ಹೊಡೆದರು.

ಅಲ್ಲಿಂದ ನಮ್ಮ ಜಗಳ ಶುರು. "ನಿಂದು ನನಗ ಕೊಡು." "ನಿಮ್ದ ನನಗ ಕೊಡ್ರಿ." ಇಬ್ಬರೂ ಕೊಡಲಿಲ್ಲ. ಒಂದು ಭಾನುವಾರ ನಾನು ದೇವಿಯನ್ನು ಜೇಬಿನಲ್ಲಿಟ್ಟುಕೊಂಡು ಮೂಡಲಗಿಗೆ ಹೋಗುವುದು, ಮುಂದಿನ ಭಾನುವಾರ ಅವರು ಸವಾರನನ್ನು ಕರೆದುಕೊಂಡು ಗೋಕಾಕಕ್ಕೆ ಬರುವುದು. ಚಹಾ ಮುಗಿಯುವ ತನಕ ಇಬ್ಬರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಕೂರಿಸುವುದು, ಆಮೇಲೆ ಅವರವರದನ್ನು ಅವರವರು ಎತ್ತಿಕೊಳ್ಳುವುದು. ವರ್ಷಗಟ್ಟಲೆ ಹೀಗೆ ನಡೆಯಿತು. ಹೆಂಡತಿ ತೀರಿಕೊಂಡ ಮೇಲೆ ನನಗೆ ವಾರದಲ್ಲಿ ಬಾಯಿ ತೆರೆಯುವ ದಿನ ಎಂದರೆ ಅದೊಂದೇ ಆಗಿತ್ತು.

ಆಮೇಲೆ ರೇಟು ಬಂತು. ಯಾರೋ ಫೋನಿನಲ್ಲಿ ವಿಡಿಯೋ ಬಿಟ್ಟರು, 'ನಿಮ್ಮ ಅಟ್ಟದಲ್ಲಿ ಲಕ್ಷಾಂತರ ರೂಪಾಯಿ ಇದೆ' ಎಂದು. ಬೆಳ್ಳಿ ನೋಡನೋಡುತ್ತ ಗಗನಕ್ಕೇರಿತು. ಪುಣೆ, ಮುಂಬೈ ಕಡೆಯಿಂದ ಕಾರುಗಳು ಹಳ್ಳಿಗೆ ಬಂದವು. ನಮ್ಮಂಥ ಪಿಂಚಣಿಯವರು ಬಾಗಿಲಲ್ಲಿ ನಿಂತರೆ, ಮನೆಯವರು ಬರ್ರಿ ಎನ್ನುವ ಮೊದಲೇ "ಏನ್ ರೇಟ್ ಕೊಡ್ತೀರಿ?" ಎನ್ನತೊಡಗಿದರು. ಘಟಪ್ರಭಾದಲ್ಲಿ ಒಬ್ಬರು ತುಕ್ಕು ಹಿಡಿದ ನೀರಿನ ಬಾಟಲಿಗೆ ಹೇಳಿದ ಬೆಲೆ ಕೇಳಿ ನನಗೆ ನೀರಡಿಕೆಯೇ ಆಯಿತು. ಅಂದ ಹಾಗೆ ಅವರು ಕುಡಿಯಲು ನೀರು ಕೊಡಲಿಲ್ಲ. ಅವರನ್ನು ಬಯ್ಯುವುದು ಹೇಗೆ ಹೇಳಿ? ಅವರ ಅಜ್ಜನ ಸಾಮಾನು, ಅವರ ಮನೆ. ಆದರೆ ಕೊಳ್ಳುವುದು ಆಗದಿದ್ದರೆ ಹೋಗಲಿ, ಆ ಕತೆಗಳೂ ನಿಂತುಹೋದವಲ್ಲ ಎಂದು ಹೊಟ್ಟೆ ಉರಿಯಿತು. ಅಜ್ಜ ಎಲ್ಲಿ ಕಾದಿದ, ಏನು ಉಂಡ, ಯಾರನ್ನು ನೆನೆದು ಅತ್ತ ಎಂದು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಮಾಸ್ತರರ ಸವಾರನನ್ನು ಯಾರೂ ಕೇಳದಿದ್ದ ತನಕ ಅದು ಮಾಸ್ತರರದಾಗಿತ್ತು. ರೇಟು ಬಂದ ಮೇಲೆ ಮನೆಯದಾಯಿತು. ಇಬ್ಬರು ಗಂಡುಮಕ್ಕಳು, ಇಬ್ಬರೂ ಅದೇ ಊರಲ್ಲಿ, ಕೆಟ್ಟವರಲ್ಲ. ಅಪ್ಪನ ನಂತರ ಇದು ಯಾರಿಗೆ ಎಂದು ಒಬ್ಬ ಕೇಳಿದ, ಇನ್ನೊಬ್ಬನ ಮುಖ ಕಪ್ಪಿಟ್ಟಿತು.

"ಹೊಲ ಆಗಿದ್ರ ನಡುವ ಬದು ಹಾಕಿ ಹಂಚ್ತಿದ್ದೆ ಕಂಡಕ್ಟರ" ಎಂದರು ಮಾಸ್ತರರು. "ಇದನ್ನ ಹೆಂಗ ಹಂಚಲಿ? ಸವಾರನ್ನ ಒಬ್ಬಗ, ಕುದರೀನ ಒಬ್ಬಗ ಕೊಡ್ಲೇನು?"

ನಾನು ನಕ್ಕೆ. ಅವರು ನಗಲಿಲ್ಲ.

"ಪುಣೆದಾವ ಬಂದಿದ್ದ. ಮಾರಿ ಸಮ ಹಂಚಿಬಿಡ್ತೇನಿ. ನಿಂದೂ ಕೊಡು, ಜೋಡಿ ಆದ್ರ ಚಲೋ ಕೊಡ್ತಾನಂತ."

"ನಾ ಕೊಡೂದಿಲ್ರಿ. ನೀವೂ ಕೊಡಬ್ಯಾಡ್ರಿ."

"ನನ್ನ ಕೈಯಾಗ ಏನೈತೋ?"

ಅರ್ಧ ಚಹಾ ಬಿಟ್ಟು ಎದ್ದು ಬಂದೆ. ಅವರು ಮಾರಿದರು. ಆ ಮಳೆಗಾಲವಿಡೀ ನಾನು ಮೂಡಲಗಿಗೆ ಹೋಗಲಿಲ್ಲ, ಅವರೂ ಬರಲಿಲ್ಲ. ಭಾನುವಾರ ಬಂದರೆ ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲಿನ ಬೆಂಚಿನ ಮೇಲೆ ಕೂತು, ಮೂಡಲಗಿ ಗಾಡಿ ಹೋಗುವುದನ್ನು ನೋಡಿ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ರೇಡಿಯೋ ಹಚ್ಚಿದರೆ ಬೇಸರ, ಬಂದ್ ಮಾಡಿದರೆ ಇನ್ನೂ ಬೇಸರ.

ಒಂದು ದಿನ ಪುಣೆಯವನು ನನಗೇ ಫೋನ್ ಮಾಡಿದ. ಮಾತು ಮೃದು. ಸವಾರ ತನ್ನ ಹತ್ತಿರ ಇದ್ದಾನೆ, ದೇವಿಯನ್ನು ಕೊಟ್ಟರೆ ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುತ್ತೇನೆ ಎಂದ. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂದಂತಾಯಿತು. ದೇವಿಯನ್ನು ಜೇಬಿನಲ್ಲಿಟ್ಟುಕೊಂಡು ನೆಟ್ಟಗೆ ಮೂಡಲಗಿ ಗಾಡಿ ಹತ್ತಿದೆ.

ಮಾಸ್ತರರು ಮನೆಯ ಮುಂದಿನ ಕಟ್ಟೆಯ ಮೇಲಿದ್ದರು. ಸೊರಗಿದ್ದರು. ಏಕೆ ಬರಲಿಲ್ಲ ಎಂದು ಕೇಳಲಿಲ್ಲ, ಸರಿದು ಜಾಗ ಕೊಟ್ಟರು. ಬಿಲ್ಲೆಯನ್ನು ನಡುವೆ ಇಟ್ಟು ವಿಷಯ ಹೇಳಿದೆ. ಅವರು ಅದನ್ನು ಎತ್ತಿಕೊಂಡು ಮೂಗಿಲ್ಲದ ಮುಖದ ಮೇಲೆ ಹೆಬ್ಬೆರಳು ಆಡಿಸಿದರು.

"ಕೊಟ್ಟಬಿಡು."

"ಮಾಸ್ತರ್ರ!"

"ಅವರರ ಕೂಡ್ಲಿ ಬಿಡೋ" ಎಂದರು. "ಎಷ್ಟ ವರ್ಷ ನಾವ ಅಗಲಿಸಿ ಇಟ್ಟೇವಿ."

ಕೊಟ್ಟೆ. ಬಂದ ದುಡ್ಡು ಬ್ಯಾಂಕಿನಲ್ಲಿದೆ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಕಳೆದ ಭಾನುವಾರ ಮತ್ತೆ ಹೋದೆ. ಮೊದಲ ಸಲ ಜೇಬಿನಲ್ಲಿ ಏನೂ ಇರಲಿಲ್ಲ. ಕಟ್ಟೆಯ ಮೇಲೆ ಕೂತೆವು. ಚಹಾ ಬಂತು, ಕುಡಿದೆವು. ಮಳೆ ಸಾಕಾಯಿತೇ ಎಂದರು, ಸಾಕಾಯಿತು ಎಂದೆ. ಬೇರೆ ಮಾತು ಹೊಳೆಯಲೇ ಇಲ್ಲ. ಎಂದೋ ಸತ್ತ ಸಿಪಾಯಿ ಭರಮಾನ ನಂಬರು ನಮಗೆ ಬಾಯಿಪಾಠ. ಆದರೆ ನಾನು ಮಾಸ್ತರರ ಮನೆಗೆ ಹೋಗುತ್ತಿದ್ದ ಕಾಲದಲ್ಲೇ ತೀರಿಕೊಂಡ, ನನಗೆ ಲೆಕ್ಕವಿಲ್ಲದಷ್ಟು ಚಹಾ ಕೊಟ್ಟ ಅವರ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ, ಅಷ್ಟೇ. ಹೆಸರು ಗೊತ್ತಿಲ್ಲ. ನಾಚಿಕೆಯಾಯಿತು. ಕೇಳಿಯೇಬಿಟ್ಟೆ.

"ಮಾಸ್ತರ್ರ, ವೈನಿ ಹೆಸರ ಏನಿತ್ರಿ?"

ಅವರು ಒಳಗೆ ಸೊಸೆ ಕೇಳಿಸಿಕೊಳ್ಳುತ್ತಿದ್ದಾಳೋ ಎಂದು ಬಾಗಿಲ ಕಡೆ ನೋಡಿದರು. ನಮ್ಮಲ್ಲಿ ಹಳಬರು ಗಂಡಹೆಂಡಿರ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ ಎಲ್ಲರೂ ಸುತ್ತ ಸೇರಿ ಕಾಡಿದ ಮೇಲೆ, ಪ್ರಾಸ ಹಚ್ಚಿ ಒಂದು ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಇಡೀ ಹೈಸ್ಕೂಲನ್ನು ಸೀಟಿಯಿಂದ ನಡುಗಿಸಿದ ಮನುಷ್ಯ ನಾಚಿಕೊಂಡು, ದನಿ ತಗ್ಗಿಸಿ, ತಮ್ಮ ಮದುವೆಯಲ್ಲಿ ಹೇಳಿದ್ದನ್ನೇ ಹೇಳಿದರು.

"ಹಿತ್ತಲದಾಗ ಅರಳಿತ್ತ ಮಲ್ಲಿಗಿ ಮೊಗ್ಗಿ,
ನೀಲವ್ವ ನಕ್ಕರ ಮನಿಯಾಗ ಸುಗ್ಗಿ."

ಹೇಳಿ ಮುಗಿಸಿ ಟವೆಲಿನಿಂದ ಮುಖ ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು. ಆಮೇಲೆ, "ಈಗ ನೀ ಹೇಳು" ಎಂದರು.

ನಾನೂ ನನ್ನ ಮದುವೆಯಲ್ಲಿ ಹೇಳಿದ್ದೆ. ಯಾರೋ ಸೋದರಮಾವ ಕಿವಿಯಲ್ಲಿ ಊದಿದ್ದು. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅವಳು ಹೋದ ಮೇಲೆ ಆ ಹೆಸರನ್ನು ಯಾರ ಮುಂದೆಯೂ ಹೇಳಿರಲಿಲ್ಲ, ಹೇಳಲು ಯಾರೂ ಇರಲಿಲ್ಲ. ಬರೀ ಹೆಸರು ಹೇಳಿದೆ.

"ಹಂಗ ಬರೇ ಹೆಸರ ನಡ್ಯಾಂಗಿಲ್ಲ" ಎಂದರು ಡ್ರಿಲ್ ಮಾಸ್ತರರು. "ಬರೂ ಐತವಾರ ಒಡಪು ಕಟ್ಟಿಕೊಂಡ ಬಾ."

ಇವತ್ತು ಶುಕ್ರವಾರ, ಭಾನುವಾರಕ್ಕೆ ಎರಡೇ ದಿನ. ಈ ವಾರವೆಲ್ಲ ಮನೆಯಲ್ಲಿ ಒಬ್ಬನೇ ಗಟ್ಟಿಯಾಗಿ ಪ್ರಾಸ ಹುಡುಕುತ್ತಿದ್ದೇನೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಪಕ್ಕದ ಮನೆಯವರು ಮಾತಾಡಿಕೊಳ್ಳುತ್ತಿರಬೇಕು, ಮಾತಾಡಿಕೊಳ್ಳಲಿ. ಮಲ್ಲಿಗೆ, ಸಂಪಿಗೆ ಎಲ್ಲ ಹಚ್ಚಿ ನೋಡಿದೆ. ಸರಿ ಬರಲಿಲ್ಲ, ಅವಳು ಹೂವು ಮುಡಿಯುತ್ತಿದ್ದವಳೇ ಅಲ್ಲ. ಇಂದು ಬೆಳಿಗ್ಗೆ, ಕೈ ಮೂಸುತ್ತ ಕೂತಾಗ, ಒಂದು ತಾನಾಗಿ ಬಂತು. ಮಾಸ್ತರರು ಒಪ್ಪುತ್ತಾರೋ ತಿದ್ದುತ್ತಾರೋ ಗೊತ್ತಿಲ್ಲ. ಅವರಿಗಿಂತ ಮೊದಲು ನಿಮಗೆ ಹೇಳುತ್ತೇನೆ, ನಗಬೇಡಿ:

ಗೋಕಾಕದ ಸ್ಟ್ಯಾಂಡಿನಾಗ ನಿಂತೈತಿ ಗಾಡಿ,
ಶೇವಂತವ್ವ ಬರೂತನಕ ಸೀಟಿ ಊದೂದಿಲ್ಲ ನೋಡಿ.